ಬ್ಲೇಡು ಒಂದೇ, ಕೋನ ಬೇರೆ: ಕಿಂಗ್ ಕ್ಯಾಂಪ್ ಜಿಲೆಟ್

ಮಕ್ಕಳೇ, ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರ ಕುಬಟೂರು ಎಂಬ ಊರಿದೆ. ಅಲ್ಲಿನ ಕೈಟಭೇಶ್ವರ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಸುಮಾರು 1100ರ ಹೊತ್ತಿಗೆ ಬಳಪದ ಕಲ್ಲಿನಲ್ಲಿ ಕಟ್ಟಿದ ಗುಡಿ ಅದು. ಅಂಥ ಗುಡಿಯ ಕಲ್ಲು ಕೆತ್ತುವ ಶಿಲ್ಪಿಯ ಕೈಯಲ್ಲಿರುವುದು ಒಂದು ಉಳಿ. ಉಳಿಯನ್ನು ನೆಟ್ಟಗೆ ಹಿಡಿದು ಹೊಡೆದರೆ ಅದು ಕಲ್ಲಿನ ಆಳಕ್ಕೆ ಇಳಿಯುತ್ತದೆ. ಓರೆಯಾಗಿ ಹಿಡಿದರೆ ಮೇಲಿನ ತೆಳುವಾದ ಚಕ್ಕೆಯನ್ನು ಮಾತ್ರ ಎಬ್ಬಿಸುತ್ತದೆ. ತೀರಾ ಮಲಗಿಸಿದರೆ ಕಲ್ಲಿನ ಮೇಲೆ ಜಾರಿ ಹೋಗುತ್ತದೆ. ಉಳಿ ಅದೇ, ಕಲ್ಲೂ ಅದೇ. ಬದಲಾದದ್ದು ಕೋನ ಮಾತ್ರ!

ಇದೇ ನಿಯಮ ನಿಮ್ಮ ಮನೆಯ ಕನ್ನಡಿಯ ಮುಂದೆಯೂ ದಿನವೂ ಕೆಲಸ ಮಾಡುತ್ತದೆ. ಅಪ್ಪನೋ ಅಜ್ಜನೋ ಗಡ್ಡ ತೆಗೆಯುವ ಶೇವಿಂಗ್ ಸೆಟ್ಟನ್ನು ನೋಡಿದ್ದೀರಲ್ಲವೇ? ಅದರೊಳಗೆ ಕೂರುವ, ಎರಡೂ ಅಂಚು ಹರಿತವಾದ ತೆಳು ಬ್ಲೇಡನ್ನು ಜಗತ್ತಿಗೆ ಕೊಟ್ಟವರು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಅವರ ಬದುಕಿನ ಕಥೆ ಬೆಂಕಿಯಿಂದ ಶುರುವಾಗಿ, ಸೋಡಾ ಬಾಟಲಿಯ ಮುಚ್ಚಳವನ್ನು ದಾಟಿ, ಕನ್ನಡಿಯ ಮುಂದೆ ಬಂದು ನಿಲ್ಲುತ್ತದೆ.

ಬೆಂಕಿ ಕಲಿಸಿದ ಪಾಠ

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಅವರು ಚಿಕ್ಕವರಿದ್ದಾಗಲೇ ಕುಟುಂಬ ಶಿಕಾಗೋ ನಗರಕ್ಕೆ ಬಂದು ನೆಲೆಸಿತು. ತಂದೆಗೆ ಕಬ್ಬಿಣದ ಸಾಮಾನುಗಳ ವ್ಯಾಪಾರ. ತಾಯಿ ಅಡುಗೆಯ ಬಗ್ಗೆ ಬರೆದ ಪುಸ್ತಕ ಮುಂದೆ ಬಹಳ ಹೆಸರು ಮಾಡಿತು. ಮನೆಯಲ್ಲಿ ಏನಾದರೊಂದನ್ನು ಬಿಚ್ಚಿ ಜೋಡಿಸುವ, ಹೊಸದನ್ನು ಮಾಡಿ ನೋಡುವ ಹವ್ಯಾಸ ಎಲ್ಲರಿಗೂ ಇತ್ತು.

1871ರ ಅಕ್ಟೋಬರ್‌ನಲ್ಲಿ ಶಿಕಾಗೋ ನಗರಕ್ಕೆ ಭಾರಿ ಬೆಂಕಿ ಬಿತ್ತು. ಸಾವಿರಾರು ಕಟ್ಟಡಗಳು ಸುಟ್ಟುಹೋದವು. ಜಿಲೆಟ್ ಅವರ ತಂದೆಯ ವ್ಯಾಪಾರವೂ ಬೂದಿಯಾಯಿತು. ಆಗ ಜಿಲೆಟ್ ಅವರಿಗೆ 16 ವರ್ಷ. ಓದು ಅಲ್ಲಿಗೆ ನಿಂತಿತು. ಅವರು ಊರೂರು ತಿರುಗಿ ಸಾಮಾನು ಮಾರುವ ಕೆಲಸಕ್ಕೆ ಸೇರಿದರು. ಮುಂದಿನ ಸುಮಾರು 30 ವರ್ಷ ಅವರ ಜೀವನ ನಡೆದದ್ದು ಇಂಥ ಮಾರಾಟದ ಕೆಲಸದಿಂದಲೇ.

ಬಾಟಲಿಯ ಮುಚ್ಚಳ ಕೊಟ್ಟ ಸುಳಿವು

1890ರ ದಶಕದಲ್ಲಿ ಜಿಲೆಟ್ ಅವರು ವಿಲಿಯಂ ಪೇಂಟರ್ ಎಂಬವರ ಕಂಪನಿಯಲ್ಲಿ ಮಾರಾಟಗಾರರಾಗಿದ್ದರು. ತಂಪು ಪಾನೀಯದ ಗಾಜಿನ ಬಾಟಲಿಗೆ ಅಂಚು ಹಲ್ಲುಹಲ್ಲಾಗಿರುವ ತಗಡಿನ ಮುಚ್ಚಳ ಹಾಕಿರುತ್ತಾರಲ್ಲ, ಅದನ್ನು ಕಂಡುಹಿಡಿದವರೇ ಈ ಪೇಂಟರ್. 1892ರಲ್ಲಿ ಅವರಿಗೆ ಅದರ ಪೇಟೆಂಟ್, ಅಂದರೆ ಹಕ್ಕುಪತ್ರ, ಸಿಕ್ಕಿತ್ತು. ಒಮ್ಮೆ ತೆಗೆದ ಮುಚ್ಚಳವನ್ನು ಎಸೆಯಬೇಕು. ಮರುದಿನ ಹೊಸದು ಬೇಕೇ ಬೇಕು. ಹಾಗೆ ಬಳಸಿ ಬಿಸಾಡುವ, ಮತ್ತೆ ಮತ್ತೆ ಕೊಳ್ಳಬೇಕಾದ ವಸ್ತುವೊಂದನ್ನು ಯೋಚಿಸುವಂತೆ ಪೇಂಟರ್ ಅವರು ಜಿಲೆಟ್ ಅವರಿಗೆ ಸಲಹೆ ಕೊಟ್ಟರು. ಈ ಮಾತು ಜಿಲೆಟ್ ಅವರ ತಲೆಯಲ್ಲಿ ಕೊರೆಯತೊಡಗಿತು.

ಆ ಕಾಲದಲ್ಲಿ ಗಡ್ಡ ತೆಗೆಯಲು ಬಳಸುತ್ತಿದ್ದದ್ದು ಮಡಚುವ ಕ್ಷೌರದ ಕತ್ತಿ. ಅದರ ಬೆನ್ನು ದಪ್ಪ, ಬಾಯಿ ತೆಳು. ಬಳಸುವ ಮೊದಲು ಚರ್ಮದ ಪಟ್ಟಿಯ ಮೇಲೆ ಎಳೆದೆಳೆದು ಹದ ಮಾಡಬೇಕು. ಆಗಾಗ ಸಾಣೆ ಹಿಡಿಯಬೇಕು. ನಮ್ಮ ಹಳ್ಳಿಗಳಲ್ಲಿ ಕ್ಷೌರಿಕರು ಬಳಸುತ್ತಿದ್ದದ್ದೂ ಇಂಥ ಕತ್ತಿಯನ್ನೇ. ಈ ಕತ್ತಿಗೆ ಕೋನವನ್ನು ತೋರಿಸಿಕೊಡುವ ಯಾವ ಭಾಗವೂ ಇಲ್ಲ. ಎಷ್ಟು ಓರೆ ಮಾಡಬೇಕು, ಎಲ್ಲಿ ತಿರುಗಿಸಬೇಕು ಎಂಬುದೆಲ್ಲ ಕೈಯ ಅನುಭವದಲ್ಲೇ ಇರಬೇಕು. ಸ್ವಲ್ಪ ತಪ್ಪಿದರೂ ರಕ್ತ!

ಚರ್ಮಕ್ಕೆ ತಾಗದಂತೆ ಕಾವಲು ಇಟ್ಟ ಸಾಧನಗಳು ಜಿಲೆಟ್ ಅವರಿಗಿಂತ ಮೊದಲೇ ಬಂದಿದ್ದವು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸಹೋದರರು ಅಂಥದೊಂದನ್ನು ಮಾಡಿದ್ದರು. ಆದರೆ ಅದರಲ್ಲಿ ಕೂರಿಸುವ ಅಲಗು ದಪ್ಪನೆಯದು. ಅದಕ್ಕೂ ಸಾಣೆ ತಪ್ಪುತ್ತಿರಲಿಲ್ಲ.

1895ರ ಒಂದು ಬೆಳಿಗ್ಗೆ ಜಿಲೆಟ್ ಅವರು ಗಡ್ಡ ತೆಗೆಯಲು ನಿಂತಾಗ ಅವರ ಕತ್ತಿ ತೀರಾ ಮೊಂಡಾಗಿತ್ತು. ಪಟ್ಟಿಗೆ ಎಳೆದರೂ ಸರಿಹೋಗದಷ್ಟು ಮೊಂಡು. ಆಗ ಅವರಿಗೆ ಹೊಳೆಯಿತು: ಕತ್ತರಿಸುವುದು ಅಲಗಿನ ಅಂಚು ಮಾತ್ರ. ಉಳಿದ ದಪ್ಪ ಉಕ್ಕೆಲ್ಲ ಆ ಅಂಚನ್ನು ಹಿಡಿದುಕೊಳ್ಳುವುದಕ್ಕಷ್ಟೇ ಇದೆ. ಹಿಡಿಯುವ ಕೆಲಸವನ್ನು ಬೇರೆ ಭಾಗಕ್ಕೆ ಕೊಟ್ಟರೆ, ಅಂಚನ್ನು ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯಲ್ಲಿ ಮಾಡಬಹುದು. ಮೊಂಡಾದರೆ ಎಸೆದು ಹೊಸದು ಹಾಕಿಕೊಳ್ಳಬಹುದು. ಆಗ ಅವರಿಗೆ 40 ವರ್ಷ.

ಆಗದು ಎಂದವರೇ ಎಲ್ಲರೂ

ಯೋಚನೆ ಹೊಳೆದದ್ದು ಒಂದು ಬೆಳಿಗ್ಗೆ. ಅದು ವಸ್ತುವಾಗಲು ಹಿಡಿದದ್ದು 8 ವರ್ಷ! ಜಿಲೆಟ್ ಅವರು ವಿಜ್ಞಾನ ಓದಿದವರಲ್ಲ. ಉಕ್ಕನ್ನು ಬಲ್ಲ ತಜ್ಞರ ಬಳಿಗೆ ಹೋದರು. ಅಷ್ಟು ತೆಳುವಾದ ಹಾಳೆಯನ್ನು ಅಷ್ಟು ಹರಿತ ಮಾಡಲು ಸಾಧ್ಯವಿಲ್ಲವೆಂದು ಹೆಚ್ಚಿನವರು ಹೇಳಿದರು.

ಅವರ ಸಂಶಯಕ್ಕೆ ಕಾರಣವೂ ಇತ್ತು. ಉಕ್ಕು ಗಟ್ಟಿಯಾಗಬೇಕಾದರೆ ಅದನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಬೇಕು. ಕಮ್ಮಾರರು ಕಾದ ಕುಡುಗೋಲನ್ನು ನೀರಿಗೆ ಅದ್ದುವುದನ್ನು ನೋಡಿದ್ದೀರಾ? ಅದೂ ಇದೇ ಕ್ರಿಯೆ. ದಪ್ಪ ಕುಡುಗೋಲು ಇದನ್ನು ತಾಳಿಕೊಳ್ಳುತ್ತದೆ. ತೆಳು ಹಾಳೆಯಾದರೋ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಹಾಳೆಗೆ ನೇರವಾದ ಅಂಚು ಬರುವುದು ಹೇಗೆ?

ಈ ತೊಡಕನ್ನು ಬಿಡಿಸಿದವರು ವಿಲಿಯಂ ಎಮೆರಿ ನಿಕರ್‌ಸನ್. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, ಓದಿದ್ದ ಅವರು 1901ರಲ್ಲಿ ಜಿಲೆಟ್ ಅವರ ಜೊತೆಗೂಡಿದರು. ತೆಳು ಉಕ್ಕನ್ನು ಸೊಟ್ಟಗಾಗದಂತೆ ಗಟ್ಟಿ ಮಾಡುವ ವಿಧಾನವನ್ನೂ, ಅದರ ಅಂಚನ್ನು ಹರಿತ ಮಾಡುವ ಯಂತ್ರಗಳನ್ನೂ ಅವರು ರೂಪಿಸಿದರು. ಯೋಚನೆ ಜಿಲೆಟ್ ಅವರದು, ಅದಕ್ಕೆ ಜೀವ ತುಂಬಿದ ಕೈ ನಿಕರ್‌ಸನ್ ಅವರದು. ಬ್ಲೇಡಿನ ಕಾಗದದ ಮೇಲೆ ಜಿಲೆಟ್ ಅವರ ಚಿತ್ರ ಅಚ್ಚಾಯಿತು. ನಿಕರ್‌ಸನ್ ಹೆಸರು ಹೆಚ್ಚು ಜನರಿಗೆ ತಿಳಿಯಲೇ ಇಲ್ಲ.

1901ರಲ್ಲಿ ಕಂಪನಿ ಶುರುವಾಯಿತಾದರೂ ಹಣ ಬೇಗ ಮುಗಿಯಿತು. ಸಾಲ ಏರಿ ಕಂಪನಿ ಮುಚ್ಚುವ ಸ್ಥಿತಿ ಬಂದಾಗ ಬೋಸ್ಟನ್ ನಗರದ ಉದ್ಯಮಿ ಜಾನ್ ಜಾಯ್ಸ್ ಹಣ ಹಾಕಿ ಉಳಿಸಿದರು. ಮಾರಾಟ ಆರಂಭವಾದ 1903ರಲ್ಲಿ ಇಡೀ ವರ್ಷ ಮಾರಾಟವಾದದ್ದು 51 ಸೆಟ್ಟುಗಳು ಮತ್ತು 168 ಬ್ಲೇಡುಗಳು ಮಾತ್ರ. ಮರುವರ್ಷ 90,000ಕ್ಕೂ ಹೆಚ್ಚು ಸೆಟ್ಟುಗಳು ಮಾರಾಟವಾದವು! 1904ರ ನವೆಂಬರ್ 15ರಂದು ಪೇಟೆಂಟ್ ಕೂಡ ದೊರೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಸುಮಾರು 35 ಲಕ್ಷ ಸೆಟ್ಟುಗಳನ್ನು ಕೊಡಲಾಯಿತು. ಯುದ್ಧ ಮುಗಿಸಿ ಮನೆಗೆ ಮರಳಿದವರು ತಮ್ಮ ಗಡ್ಡ ತಾವೇ ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದರು.

ಹೊಸ ಸೆಟ್ಟು, ಹಳೆಯ ಕೈ

ಪೇಟೆಂಟ್ ಅವಧಿ 17 ವರ್ಷ. ಅದು ಮುಗಿದ ಮೇಲೆ ಯಾರು ಬೇಕಾದರೂ ಅಂಥದೇ ಸೆಟ್ಟು ಮಾಡಬಹುದಿತ್ತು. ಅವಧಿ ಮುಗಿಯುವ ಕೆಲವು ತಿಂಗಳ ಮೊದಲು, 1921ರಲ್ಲಿ, ಜಿಲೆಟ್ ಕಂಪನಿ ಸುಧಾರಿಸಿದ ಹೊಸ ಸೆಟ್ಟನ್ನು ತಂದಿತು. ಅದಕ್ಕೆ ಹಾಕುವ ಬ್ಲೇಡು ಹಳೆಯದೇ. ಆದರೆ ಅದನ್ನು ಹಿಡಿಯುವ ರೀತಿ ಬೇರೆ. ಮೇಲಿನ ಮುಚ್ಚಳ ಹೆಚ್ಚು ಮುಂದಕ್ಕೆ ಚಾಚಿತ್ತು. ಕೆಳಗಿನ ತಟ್ಟೆಯಲ್ಲಿ ಒಂದು ದಿಣ್ಣೆಯಿತ್ತು. ಬ್ಲೇಡು ಅಂಚಿನ ಹತ್ತಿರವೇ ಬಿಗಿಯಾಗಿ ಸಿಕ್ಕಿಕೊಳ್ಳುವುದರಿಂದ ಅದು ನಡುಗುತ್ತಿರಲಿಲ್ಲ.

ಒಂದೇ ಬ್ಲೇಡು ಎರಡು ಸೆಟ್ಟುಗಳಲ್ಲಿ ಎರಡು ರೀತಿ ಏಕೆ ನಡೆದುಕೊಳ್ಳುತ್ತದೆ? ಮೂರು ಸಂಗತಿಗಳನ್ನು ಗಮನಿಸಿ. ಒಂದು, ಮುಚ್ಚಳದ ಬಾಗು. ಅದು ಎಷ್ಟು ಬಾಗಿದೆಯೋ ಬ್ಲೇಡೂ ಅಷ್ಟು ಬಾಗುತ್ತದೆ. ಎರಡು, ಬ್ಲೇಡಿನ ಅಂಚಿಗೂ ಕೆಳಗಿನ ಕಾವಲು ಪಟ್ಟಿಗೂ ನಡುವೆ ಇರುವ ಸಂದು, ಮತ್ತು ಅಂಚು ಎಷ್ಟು ಹೊರಗೆ ಚಾಚಿದೆ ಎಂಬುದು. ಮೂರು, ಸೆಟ್ಟಿನ ತೂಕ. ಈ ಮೂರರಲ್ಲಿ ಯಾವುದು ಬದಲಾದರೂ ಹಿಡಿಯನ್ನು ಹಿಡಿಯುವ ರೀತಿ ಬದಲಾಗಬೇಕು.

ಹಳೆಯ ಸೆಟ್ಟಿಗೆ ಒಗ್ಗಿದ ಕೈ ಹೊಸದನ್ನೂ ಹಳೆಯ ಓರೆಯಲ್ಲೇ ಹಿಡಿಯುತ್ತದೆ. ಅಂಚು ಕೂದಲಿಗೆ ಸರಿಯಾಗಿ ತಾಗುವುದಿಲ್ಲ. ಕೂದಲು ಉಳಿಯಿತೆಂದು ಒತ್ತಿ ಎಳೆಯುತ್ತಾರೆ. ಚರ್ಮ ಉಬ್ಬಿ ಸಂದಿನೊಳಗೆ ನುಗ್ಗುತ್ತದೆ, ಗಾಯವಾಗುತ್ತದೆ. ಬೈಗುಳ ಮಾತ್ರ ಬ್ಲೇಡಿಗೆ!

ಹಾಗಾದರೆ ಹೊಸ ಸೆಟ್ಟಿನ ಕೋನ ಕಂಡುಕೊಳ್ಳುವುದು ಹೇಗೆ? ದೊಡ್ಡವರು ಮಾಡಬೇಕಾದದ್ದು ಇಷ್ಟು. ಗಡ್ಡವನ್ನು ಬಿಸಿನೀರಿನಲ್ಲಿ ನೆನೆಸಿ ಸೋಪಿನ ನೊರೆ ಹಚ್ಚಬೇಕು, ನೆನೆದ ಕೂದಲು ಮೆತ್ತಗಾಗುತ್ತದೆ. ಸೆಟ್ಟಿನ ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿ ಕೆನ್ನೆಗೆ ಲಂಬವಾಗಿ ಇರುವಂತೆ ಇಡಬೇಕು. ಆಗ ಬ್ಲೇಡು ಚರ್ಮಕ್ಕೆ ತಾಗಿರುವುದಿಲ್ಲ. ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತಾ ಚಿಕ್ಕ ಚಿಕ್ಕದಾಗಿ ಎಳೆದು ನೋಡಬೇಕು. ಕೂದಲು ಕತ್ತರಿಸುವ ಕರಕರ ಸದ್ದು ಎಲ್ಲಿ ಕೇಳುತ್ತದೆಯೋ ಅದೇ ಆ ಸೆಟ್ಟಿನ ಕೋನ. ಹೆಚ್ಚಿನ ಸೆಟ್ಟುಗಳಲ್ಲಿ ಆಗ ಬ್ಲೇಡಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಇರುತ್ತದೆ. ಒತ್ತಬಾರದು, ಸೆಟ್ಟಿನ ತೂಕವೇ ಸಾಕು. ಹಗುರವಾದ ಸೆಟ್ಟಿನಿಂದ ಭಾರವಾದದ್ದಕ್ಕೆ ಹೋದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಕೂದಲು ಬೆಳೆದ ದಿಕ್ಕಿನಲ್ಲಿ ಎಳೆದರೆ ಚರ್ಮಕ್ಕೆ ಹಿತ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಮೆತ್ತನೆಯ ಕೂದಲು ಬ್ಲೇಡನ್ನು ಮೊಂಡು ಮಾಡುವುದು ಹೇಗೆ? 2020ರಲ್ಲಿ ನಿಕರ್‌ಸನ್ ಓದಿದ ಅದೇ ಎಂ.ಐ.ಟಿ.ಯ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿದರು. ಬ್ಲೇಡಿನ ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ, ಅಲ್ಲಲ್ಲಿ ಬಹಳ ಸಣ್ಣ ಚಕ್ಕೆಗಳಾಗಿ ಮುರಿಯುತ್ತಿತ್ತು. ಕೂದಲು ಬಾಗಿ ಅಂಚಿಗೆ ಓರೆಯಾಗಿ ಸಿಕ್ಕಾಗ, ಉಕ್ಕಿನ ಒಳರಚನೆ ದುರ್ಬಲವಾಗಿದ್ದ ಜಾಗದಲ್ಲಿ ಹೀಗಾಗುತ್ತಿತ್ತು. ಇಲ್ಲಿಯೂ ಕೋನವೇ ಮುಖ್ಯ ಪಾತ್ರಧಾರಿ ನೋಡಿ!

ಕನಸು ಮತ್ತು ಕೊನೆ

ಜಿಲೆಟ್ ಅವರಿಗೆ ಬ್ಲೇಡಿಗಿಂತ ದೊಡ್ಡದಾದ ಇನ್ನೊಂದು ಕನಸಿತ್ತು. ವ್ಯಾಪಾರಿಗಳ ಪೈಪೋಟಿಯಿಂದ ಶ್ರಮವೆಲ್ಲ ವ್ಯರ್ಥವಾಗುತ್ತದೆ ಎಂದು ಅವರು ನಂಬಿದ್ದರು. 1894ರಲ್ಲೇ ಈ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಜನರೆಲ್ಲ ಒಂದು ಮಹಾನಗರದಲ್ಲಿ ಕೂಡಿ ಬಾಳಬೇಕು, ನಯಾಗರ ಜಲಪಾತದ ವಿದ್ಯುತ್ತಿನಿಂದ ಅದು ನಡೆಯಬೇಕು ಎಂಬುದು ಅವರ ಕಲ್ಪನೆ. ಪೈಪೋಟಿಯನ್ನು ಒಪ್ಪದ ಇವರ ಹೆಸರಿನ ಕಂಪನಿಯೇ ಪೈಪೋಟಿಯಲ್ಲಿ ಮುಂದೆ ಬಂತು! ಆ ನಗರ ಮಾತ್ರ ಪುಸ್ತಕದಲ್ಲೇ ಉಳಿಯಿತು.

ಕೊನೆಯ ವರ್ಷಗಳು ಸುಖವಾಗಿರಲಿಲ್ಲ. ಕಂಪನಿಯ ಹಿಡಿತ ಬೇರೆಯವರ ಕೈಗೆ ಹೋಯಿತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಅವರ ಸಂಪತ್ತಿನ ಬಹುಭಾಗ ಕರಗಿತು. 1932ರ ಜುಲೈ 9ರಂದು, ತಮ್ಮ 77ನೆಯ ವಯಸ್ಸಿನಲ್ಲಿ, ಅವರು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಬಳಸಿ ಬಿಸಾಡುವ ಅವರ ಯೋಚನೆಗೆ ಎರಡು ಮುಖಗಳಿವೆ. ಇಂದು ಕ್ಷೌರದ ಅಂಗಡಿಗೆ ಹೋದರೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಬೇಕೆಂದು ಕೇಳಬಹುದು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ, ಎಚ್.ಐ.ವಿ. ಮುಂತಾದ ಸೋಂಕುಗಳಿಂದ ಇದು ಕಾಪಾಡುತ್ತದೆ. ಇನ್ನೊಂದು ಕಡೆ, ಬಿಸಾಡಿದ ಬ್ಲೇಡು ಕಸ ಎತ್ತುವವರ ಕೈ ಕೊಯ್ಯುತ್ತದೆ, ಮೇಯುವ ದನದ ಬಾಯಿಗೂ ಸಿಗುತ್ತದೆ. ಆದ್ದರಿಂದ ಹಳೆಯ ಬ್ಲೇಡುಗಳನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಕೂಡಿಡಲು ಮನೆಯ ಹಿರಿಯರಿಗೆ ಹೇಳಿ. ನೀವು ಅವನ್ನು ಮುಟ್ಟಬೇಡಿ. ಪೆನ್ಸಿಲ್ ಚೂಪು ಮಾಡಲೂ ಬ್ಲೇಡು ಬೇಡ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಪ್ಲಾಸ್ಟಿಕ್ ಸ್ಕೇಲು, ಕೋನಮಾಪಕ, ಹದವಾಗಿ ಕಲಸಿದ ಜೇಡಿಮಣ್ಣು, ಒಂದು ಮಣೆ.

ವಿಧಾನ: ಜೇಡಿಮಣ್ಣನ್ನು ಮಣೆಯ ಮೇಲೆ ಸಮನಾಗಿ ಹರಡಿ. ಸ್ಕೇಲಿನ ಅಂಚನ್ನು ಮಣ್ಣಿನ ಮೇಲಿಟ್ಟು ಒತ್ತದೆ ಎಳೆಯಿರಿ. ಮೊದಲು 90 ಡಿಗ್ರಿ, ಆಮೇಲೆ 60, 30 ಮತ್ತು 10 ಡಿಗ್ರಿ ಕೋನದಲ್ಲಿ ಹಿಡಿಯಿರಿ. ಪ್ರತಿ ಸಲವೂ ಕೋನಮಾಪಕದಿಂದ ಅಳೆಯಿರಿ. ಯಾವ ಕೋನದಲ್ಲಿ ಮಣ್ಣು ಕೆರೆದು ಗೀರು ಬಿತ್ತು? ಯಾವುದರಲ್ಲಿ ತೆಳುವಾದ ಪದರ ಎದ್ದಿತು? ಯಾವುದರಲ್ಲಿ ಸ್ಕೇಲು ಸುಮ್ಮನೆ ಜಾರಿತು? ಪಟ್ಟಿ ಮಾಡಿ. ನಂತರ ಸ್ಕೇಲಿಗೆ ಒಂದು ರಬ್ಬರು ಕಟ್ಟಿ ತೂಕ ಹೆಚ್ಚಿಸಿ ಮತ್ತೆ ಮಾಡಿ. ಫಲಿತಾಂಶ ಬದಲಾಯಿತೇ? ಏಕೆಂದು ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.

ಅಡುಗೆಮನೆಯ ಈಳಿಗೆಮಣೆ, ಬಡಗಿಯ ಉಜ್ಜುಗೊರಡು, ಹೊಲದ ನೇಗಿಲು ಇವುಗಳಲ್ಲಿ ಅಂಚು ಯಾವ ಕೋನದಲ್ಲಿ ಕೂತಿದೆ ಎಂಬುದನ್ನೂ ದೂರದಿಂದಲೇ ಗಮನಿಸಿ ಚಿತ್ರ ಬರೆಯಿರಿ.