ಸಂಖ್ಯೆಗಳಿಗೆ ಹಾರ ಪೋಣಿಸಿದ ಮಹಾವೀರಾಚಾರ್ಯ

ಮಕ್ಕಳೇ, ನೀವು ಹುಣಸೂರು ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಅಲ್ಲಿಂದ ಪಿರಿಯಾಪಟ್ಟಣಕ್ಕೆ 12 ನಿಮಿಷಕ್ಕೊಂದು, ಕೆ.ಆರ್. ನಗರಕ್ಕೆ 18 ನಿಮಿಷಕ್ಕೊಂದು, ಎಚ್.ಡಿ. ಕೋಟೆಗೆ 30 ನಿಮಿಷಕ್ಕೊಂದು ಬಸ್ಸು ಹೊರಡುತ್ತದೆ. (ನಿಜವಾದ ವೇಳಾಪಟ್ಟಿ ಇದಲ್ಲ, ಲೆಕ್ಕಕ್ಕಾಗಿ ಹೀಗೆ ಭಾವಿಸೋಣ.) ಬೆಳಿಗ್ಗೆ 6 ಗಂಟೆಗೆ ಮೂರೂ ಒಟ್ಟಿಗೆ ಹೊರಟವು. ಮತ್ತೆ ಮೂರೂ ಒಟ್ಟಿಗೆ ಹೊರಡುವುದು ಎಷ್ಟು ಗಂಟೆಗೆ?

ಶಾಲೆಗಳಿಗೆ ಹೋದಾಗ ನಾನು ಈ ಲೆಕ್ಕ ಕೊಡುವುದುಂಟು. ಕೆಲವರು ತಟ್ಟನೆ 12, 18, 30ನ್ನು ಗುಣಿಸಿಬಿಡುತ್ತಾರೆ. 6480 ನಿಮಿಷ ಬರುತ್ತದೆ. ಅಂದರೆ 108 ಗಂಟೆ, ನಾಲ್ಕೂವರೆ ದಿನ! ಆ ಹೊತ್ತಿಗೆ ಮೂರು ಬಸ್ಸುಗಳು ಒಟ್ಟಿಗೆ ಹೊರಡುವುದೇನೋ ನಿಜ. ಆದರೆ ಅಷ್ಟರಲ್ಲಿ ಅವು 35 ಸಲ ಒಟ್ಟಿಗೆ ಹೊರಟು ಹೋಗಿರುತ್ತವೆ. ಕಾಯುತ್ತಾ ಕುಳಿತವರ ಗತಿ ಏನು?

ಇಂಥ ತೊಂದರೆಗೆ ಸುಮಾರು 1,200 ವರ್ಷಗಳ ಹಿಂದೆಯೇ ನಮ್ಮ ಕರ್ನಾಟಕದ ಗಣಿತಜ್ಞರೊಬ್ಬರು ಅಚ್ಚುಕಟ್ಟಾದ ದಾರಿ ತೋರಿಸಿದ್ದರು. ಅವರೇ ಮಹಾವೀರಾಚಾರ್ಯರು. ಜೈನರ 24ನೆಯ ತೀರ್ಥಂಕರ ವರ್ಧಮಾನ ಮಹಾವೀರರೇ ಬೇರೆ, ಇವರೇ ಬೇರೆ. ಆ ಮಹಾವೀರರು ಇವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು.

ಗಣಿತಜ್ಞ ಮಹಾವೀರರು 9ನೆಯ ಶತಮಾನದವರು. ಆಗ ಕನ್ನಡ ನಾಡನ್ನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನ ರಾಜಧಾನಿ ಮಾನ್ಯಖೇಟ. ಈಗ ಅದು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದೂ ಈ ದೊರೆಯ ಆಸ್ಥಾನದಲ್ಲೇ. ಸುಮಾರು 850ರಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಅದರ ಆರಂಭದಲ್ಲಿ ನೃಪತುಂಗನನ್ನು ಮನಸಾರೆ ಹೊಗಳಿದ್ದಾರೆ. ತಮ್ಮ ಬಗ್ಗೆ ಮಾತ್ರ ಏನನ್ನೂ ಹೇಳಿಕೊಂಡಿಲ್ಲ. ಹೀಗಾಗಿ ಅವರ ಬದುಕನ್ನು ಅವರ ಲೆಕ್ಕಗಳಲ್ಲೇ ಹುಡುಕಬೇಕು.

ಅದಕ್ಕೆ ಮುಂಚೆ ನಮ್ಮಲ್ಲಿ ಗಣಿತವು ಹೆಚ್ಚಾಗಿ ಖಗೋಳ ಗ್ರಂಥಗಳ ಒಂದು ಭಾಗವಾಗಿ ಬರುತ್ತಿತ್ತು. ಮಹಾವೀರಾಚಾರ್ಯರು ಗಣಿತಕ್ಕೇ ಮೀಸಲಾದ ದೊಡ್ಡ ಪುಸ್ತಕ ಬರೆದರು. ಅದರಲ್ಲಿ 9 ಅಧ್ಯಾಯಗಳಿವೆ. ಬಡ್ಡಿಯ ಲೆಕ್ಕ, ಚಿನ್ನದ ಬೆರಕೆಯ ಲೆಕ್ಕ, ಗುಂಡಿ ತೋಡುವ ಲೆಕ್ಕ, ನೆರಳು ಅಳೆಯುವ ಲೆಕ್ಕ ಎಲ್ಲವೂ ಇವೆ. ದುಂಬಿಗಳ ಹಿಂಡು, ಕಾಡಾನೆಗಳ ಹಿಂಡಿನ ಲೆಕ್ಕಗಳೂ ಇವೆ. ನಾಗರಹೊಳೆಯ ಅಂಚಿನ ಮಕ್ಕಳು ಓದಿದರೆ ತಮಗೇ ಬರೆದದ್ದು ಎಂದುಕೊಂಡಾರು!

ಭಿನ್ನರಾಶಿಗಳನ್ನಂತೂ ಅವರು ತುಂಬ ವಿಸ್ತಾರವಾಗಿ ಹೇಳಿಕೊಟ್ಟರು. ಭಿನ್ನರಾಶಿಗಳನ್ನು ಕೂಡಬೇಕಾದರೆ ಛೇದಗಳು ಒಂದೇ ಆಗಬೇಕು, ಅಲ್ಲವೇ? 5/12, 7/18, 1/30 ಇವನ್ನು ಕೂಡಿಸೋಣ. ಛೇದಗಳನ್ನೆಲ್ಲ ಗುಣಿಸಿದರೆ ಮತ್ತೆ ಅದೇ 6480 ಬರುತ್ತದೆ, ಉತ್ತರ 5436/6480 ಆಗುತ್ತದೆ. ಕಾಗದ, ಪೆನ್ಸಿಲ್ ಇಲ್ಲದ ಕಾಲದಲ್ಲಿ, ಧೂಳು ಹರಡಿದ ಹಲಗೆಯ ಮೇಲೆ ಬರೆದು ಅಳಿಸುವವರಿಗೆ ಇದೆಂಥ ಕಷ್ಟ! ಒಂದು ಅಂಕಿ ತಪ್ಪಿದರೆ ಇಡೀ ಲೆಕ್ಕವೇ ಹೋಯಿತು.

ಮಹಾವೀರಾಚಾರ್ಯರು ಕೊಟ್ಟ ಉಪಾಯ ಇದು. ಮೊದಲು ಛೇದಗಳಲ್ಲಿರುವ ಸಾಮಾನ್ಯ ಅಪವರ್ತನವನ್ನು ಹೊರತೆಗೆಯಿರಿ. 12, 18, 30 ಮೂರನ್ನೂ 6 ಭಾಗಿಸುತ್ತದೆ. ಭಾಗಲಬ್ಧಗಳು 2, 3, 5. ಈಗ ಆ 6ನ್ನು ಈ ಭಾಗಲಬ್ಧಗಳಿಂದ ಗುಣಿಸಿ: 6 × 2 × 3 × 5 = 180. ಇದಕ್ಕೆ ಅವರು ‘ನಿರುದ್ಧ’ ಎಂದು ಹೆಸರಿಟ್ಟರು. ನಿಮ್ಮ ಪುಸ್ತಕದ ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಲ.ಸಾ.ಅ., ಇದೇ. ಉತ್ತರ 151/180. ಸಂಖ್ಯೆ ಎಷ್ಟು ಚಿಕ್ಕದಾಯಿತು ನೋಡಿ.

ಇದನ್ನೇ ನೀವು ಅವಿಭಾಜ್ಯ ಅಪವರ್ತನಗಳಿಂದ ಮಾಡುತ್ತೀರಿ. 12 = 2 × 2 × 3; 18 = 2 × 3 × 3; 30 = 2 × 3 × 5. ಒಂದೊಂದು ಅವಿಭಾಜ್ಯ ಸಂಖ್ಯೆಯೂ ಎಲ್ಲಿ ಹೆಚ್ಚು ಸಲ ಬಂದಿದೆಯೋ ಅಷ್ಟು ಸಲ ತೆಗೆದುಕೊಂಡರೆ 2 × 2 × 3 × 3 × 5 = 180. ಬಸ್ಸಿನ ಲೆಕ್ಕಕ್ಕೂ ಉತ್ತರ ಸಿಕ್ಕಿತು. 180 ನಿಮಿಷ, ಅಂದರೆ 3 ಗಂಟೆ. ಬೆಳಿಗ್ಗೆ 9 ಗಂಟೆಗೆ ಮೂರೂ ಬಸ್ಸುಗಳು ಮತ್ತೆ ಒಟ್ಟಿಗೆ ಹೊರಡುತ್ತವೆ.

ಇಷ್ಟು ಜಾಣರಾದ ಆಚಾರ್ಯರೂ ಒಂದು ಕಡೆ ಎಡವಿದರು. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಬರೆದರು. ಅದು ಸರಿಯಲ್ಲ, ಸೊನ್ನೆಯಿಂದ ಭಾಗಾಕಾರ ಮಾಡಲು ಬರುವುದೇ ಇಲ್ಲ. ಈ ವಿಷಯ ಹೇಳಿದಾಗ ತರಗತಿಯಲ್ಲಿ ಮಕ್ಕಳ ಮುಖ ಅರಳುವುದನ್ನು ಕಂಡಿದ್ದೇನೆ! ಆದರೆ ಋಣ ಸಂಖ್ಯೆಗೆ ವರ್ಗಮೂಲ ಇಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ.

ಅವರ ಪುಸ್ತಕ ದಕ್ಷಿಣ ಭಾರತದಲ್ಲಿ ಬಹುಕಾಲ ಪಾಠಪುಸ್ತಕವಾಗಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದರು. ಆಮೇಲೆ ಅದು ಹಸ್ತಪ್ರತಿಗಳಲ್ಲೇ ಉಳಿಯಿತು. ಎಂ. ರಂಗಾಚಾರ್ಯ ಎಂಬ ವಿದ್ವಾಂಸರು ಹಸ್ತಪ್ರತಿಗಳನ್ನು ಕೂಡಿಸಿ, ಹೋಲಿಸಿ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಅವರಿಗೆ ಒದಗಿದ ಪ್ರತಿಗಳಲ್ಲಿ ಕನ್ನಡ ಲಿಪಿಯ ಒಂದು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದ್ದು.

ಮಹಾವೀರಾಚಾರ್ಯರಿಗೆ ಸಂಖ್ಯೆಗಳೊಡನೆ ಆಟವಾಡುವುದೂ ಇಷ್ಟ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. 152207ನ್ನು 73ರಿಂದ ಗುಣಿಸಿ ನೋಡಿ. 11111111 ಬರುತ್ತದೆ, ಎಂಟು ಒಂದುಗಳು! ಇದರ ಗುಟ್ಟು ಅವಿಭಾಜ್ಯ ಅಪವರ್ತನಗಳಲ್ಲಿದೆ. ಎಂಟು ಒಂದುಗಳ ಆ ಸಂಖ್ಯೆಯನ್ನು ಒಡೆದರೆ 11 × 73 × 101 × 137. ಅದರಲ್ಲಿ 73ನ್ನು ಬದಿಗಿಟ್ಟು ಉಳಿದ ಮೂರನ್ನು ಗುಣಿಸಿದರೆ 152207.

ಅವರ ಇನ್ನೊಂದು ಹಾರ 27994681 × 441 = 12345654321. ಇದರ ಗುಟ್ಟನ್ನು ನೀವೇ ಒಡೆಯಿರಿ. ಒಂದು ಸುಳಿವು ಕೊಡುತ್ತೇನೆ. ಗುಣಲಬ್ಧವು 111111ರ ವರ್ಗ, 441 ಎಂಬುದು 21ರ ವರ್ಗ. ಮೊದಲು 111111ನ್ನು ಅವಿಭಾಜ್ಯಗಳಾಗಿ ಒಡೆಯಿರಿ. ಐದು ಅವಿಭಾಜ್ಯ ಸಂಖ್ಯೆಗಳು ಸಿಗಬೇಕು. ಅವುಗಳಲ್ಲಿ ಯಾವ ಎರಡು ಸೇರಿ 21 ಆಗುತ್ತವೆ, ಉಳಿದ ಮೂರರ ಗುಣಲಬ್ಧ ಎಷ್ಟು ಎಂದು ಸ್ಲೇಟಿನ ಮೇಲೆ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.