ಕೆ. ಎಸ್. ಹೆಗ್ಡೆ

ಕೌಡೂರು ಸದಾನಂದ ಹೆಗ್ಡೆ (11 ಜೂನ್ 1909 – 24 ಮೇ 1990) ಭಾರತದ ನ್ಯಾಯಮೂರ್ತಿ, ರಾಜಕಾರಣಿ ಹಾಗೂ ಶಿಕ್ಷಣ ಸಂಸ್ಥೆಗಳ ಸ್ಥಾಪಕರು. ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿದ್ದ ಇವರು 1967ರಿಂದ 1973ರವರೆಗೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದರು. ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಹೊರಬಿದ್ದ ಮರುದಿನವೇ ಇವರ ಸೇವಾ ಜ್ಯೇಷ್ಠತೆಯನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ರಾಜೀನಾಮೆ ನೀಡಿದರು. 1977ರಲ್ಲಿ ಜನತಾ ಪಕ್ಷದಿಂದ ಲೋಕಸಭೆಗೆ ಆಯ್ಕೆಯಾಗಿ ಸಭಾಧ್ಯಕ್ಷರಾದರು. 1980ರ ನಂತರ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಲ್ಲಿ ಒಬ್ಬರಾಗಿದ್ದರು. ಕಾಂಗ್ರೆಸ್ಸಿನಲ್ಲಿ ಆರಂಭವಾಗಿ ಭಾಜಪದಲ್ಲಿ ಕೊನೆಗೊಂಡ ಇವರ ಸಾರ್ವಜನಿಕ ಜೀವನ, ಭಾರತದಲ್ಲಿ ಬಲಪಂಥ ಎಂದು ಒಟ್ಟಾಗಿ ಕರೆಯಲಾಗುವ ವಿಚಾರಧಾರೆಗಳ ಒಳಗಿನ ಭಿನ್ನತೆಗಳನ್ನು ಅರಿಯಲು ಒಳ್ಳೆಯ ನಿದರ್ಶನವಾಗಿದೆ.

ಜನನ ಮತ್ತು ಆರಂಭಿಕ ಜೀವನ

ಹೆಗ್ಡೆಯವರು ಕಾರ್ಕಳ ತಾಲೂಕಿನ ಕೌಡೂರು ಗ್ರಾಮದ ಬಂಟ ಕುಟುಂಬವೊಂದರಲ್ಲಿ ಜನಿಸಿದರು. ಕಾರ್ಕಳ ಇಂದು ಉಡುಪಿ ಜಿಲ್ಲೆಯಲ್ಲಿದೆ. ಅಂದು ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದ್ದರಿಂದ ಈ ಕರಾವಳಿಯ ಅಂದಿನ ಅನೇಕ ವಿದ್ಯಾವಂತರಂತೆ ಇವರೂ ಉನ್ನತ ವ್ಯಾಸಂಗಕ್ಕೆ ಮದರಾಸಿಗೆ ತೆರಳಿ, ಅಲ್ಲಿಯೇ ಕಾನೂನು ಪದವಿ ಪಡೆದರು. 1930ರ ದಶಕದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿ, ಮುಂದೆ ಜಿಲ್ಲೆಯ ಸರ್ಕಾರಿ ವಕೀಲರಾಗಿಯೂ ಕಾರ್ಯನಿರ್ವಹಿಸಿದರು. 1952ರಲ್ಲಿ ಮದರಾಸು ರಾಜ್ಯದಿಂದ ಕಾಂಗ್ರೆಸ್ ಸದಸ್ಯರಾಗಿ ರಾಜ್ಯಸಭೆಗೆ ಆಯ್ಕೆಯಾದರು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. ಮರುವರ್ಷ, 1957ರಲ್ಲಿ, ಹೆಗ್ಡೆಯವರು ರಾಜ್ಯಸಭೆಯನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಆಡಳಿತ ಪಕ್ಷದ ಸಂಸದರೊಬ್ಬರು ನೇರವಾಗಿ ನ್ಯಾಯಪೀಠಕ್ಕೆ ಬಂದದ್ದು ವಿಶೇಷ. ಮುಂದೆ ಅದೇ ಪಕ್ಷದ ಸರ್ಕಾರದೊಡನೆ ಅವರಿಗೆ ಬಂದ ಸಂಘರ್ಷವನ್ನು ನೋಡುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿಯಾದರು. 1967ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಕಗೊಂಡರು.

ರಾಜಕೀಯ ಹಿನ್ನೆಲೆ

ಹೆಗ್ಡೆಯವರು ಸರ್ವೋಚ್ಚ ನ್ಯಾಯಾಲಯದಲ್ಲಿದ್ದ ವರ್ಷಗಳಲ್ಲಿ ಕಾಂಗ್ರೆಸ್ಸಿನ ಸಮಾಜವಾದಿ ಒಲವಿಗೆ ವಿರುದ್ಧವಾಗಿದ್ದ ಶಕ್ತಿಗಳು ಒಂದೇ ಬಗೆಯವಾಗಿರಲಿಲ್ಲ. ಅವರ ಹುಟ್ಟೂರಿನ ಸೀಮೆಯಲ್ಲಿಯೇ ಈ ಕವಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. 1967ರ ಲೋಕಸಭಾ ಚುನಾವಣೆಯಲ್ಲಿ ಉಡುಪಿ ಕ್ಷೇತ್ರದಿಂದ ಗೆದ್ದವರು ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭು. ಮಂಗಳೂರಿನ ಕ್ರೈಸ್ತ ಸಮುದಾಯಕ್ಕೆ ಸೇರಿದ, ಇಂಗ್ಲಿಷಿನಲ್ಲಿ ನಾಟಕಗಳನ್ನು ಬರೆದಿದ್ದ ಈ ಮಾಜಿ ಐ.ಸಿ.ಎಸ್. ಅಧಿಕಾರಿಯ ಪಕ್ಷವನ್ನು 1959ರಲ್ಲಿ ಸಿ. ರಾಜಗೋಪಾಲಾಚಾರಿ ಮೊದಲಾದವರು ಕಟ್ಟಿದ್ದರು. ಲೈಸೆನ್ಸು–ಪರ್ಮಿಟ್ಟುಗಳ ಆಡಳಿತಕ್ಕೆ ವಿರೋಧ, ಆಸ್ತಿಯ ಹಕ್ಕಿನ ರಕ್ಷಣೆ ಮತ್ತು ಮುಕ್ತ ವಾಣಿಜ್ಯ ಆ ಪಕ್ಷದ ತಿರುಳಾಗಿದ್ದವು. ಮರುವರ್ಷವೇ, 1968ರಲ್ಲಿ, ಉಡುಪಿ ಪುರಸಭೆಯ ಆಡಳಿತ ಭಾರತೀಯ ಜನಸಂಘದ ಕೈಸೇರಿ, ಯುವ ವೈದ್ಯ ವಿ. ಎಸ್. ಆಚಾರ್ಯ ಅಧ್ಯಕ್ಷರಾದರು. ಜನಸಂಘಕ್ಕೆ ಆಸ್ತಿ ಅಥವಾ ಮಾರುಕಟ್ಟೆಗಿಂತ ರಾಷ್ಟ್ರ ಮತ್ತು ಸಂಸ್ಕೃತಿಯ ಪ್ರಶ್ನೆಗಳು ಮುಖ್ಯವಾಗಿದ್ದವು. 1969ರ ಡಿಸೆಂಬರಿನಲ್ಲಿ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದಲ್ಲಿ ಮಠಾಧಿಪತಿಗಳು ಅಸ್ಪೃಶ್ಯತೆಗೆ ಧರ್ಮದ ಸಮ್ಮತಿಯಿಲ್ಲವೆಂದು ಸಾರಿದರು. ಇದನ್ನು ಹಳೆಯ ಆಚಾರವಾದದಿಂದಲೂ ಬೇರೆಯಾದ ನಿಲುವೆಂದು ಕಾಣಬೇಕಾಗುತ್ತದೆ.

ಇವೆರಡರ ಜೊತೆಗೆ ಮೂರನೆಯದೊಂದು ಇತ್ತು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ ಬಿರುಕು ಬಯಲಾಗಿ, ಅದೇ ವರ್ಷದ ಕೊನೆಯಲ್ಲಿ ಪಕ್ಷ ಒಡೆದಾಗ, ಎಸ್. ನಿಜಲಿಂಗಪ್ಪ ಮತ್ತು ಮೊರಾರ್ಜಿ ದೇಸಾಯಿಯವರಂತಹ ಹಳೆಯ ತಲೆಮಾರಿನವರು ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಮಿತವ್ಯಯ, ಪಾನನಿರೋಧ, ಪಕ್ಷದ ಶಿಸ್ತು ಮುಂತಾದ ಗಾಂಧಿ ಯುಗದ ಮೌಲ್ಯಗಳು ಅವರ ಬಂಡವಾಳವಾಗಿದ್ದವು. ಹೆಗ್ಡೆಯವರ ನಿಲುವು ಈ ಮೂರರಲ್ಲಿ ಯಾವುದಕ್ಕೂ ಪೂರ್ತಿಯಾಗಿ ಹೊಂದುತ್ತಿರಲಿಲ್ಲ. ಸಂವಿಧಾನ ಹಾಗೂ ಅದರ ಸಂಸ್ಥೆಗಳನ್ನು ಕಾಪಾಡಿಕೊಳ್ಳಬೇಕೆಂಬ ಅವರ ನಿಷ್ಠೆಯನ್ನು ಸಾಂವಿಧಾನಿಕ ಸಂಪ್ರದಾಯವಾದ ಎನ್ನಬಹುದು.

ಸರ್ವೋಚ್ಚ ನ್ಯಾಯಾಲಯದಲ್ಲಿ

1969ರ ಎ. ಕೆ. ಕ್ರೈಪಾಕ್ ಪ್ರಕರಣದಲ್ಲಿ ಹೆಗ್ಡೆಯವರು ಬರೆದ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ. ಅರಣ್ಯ ಸೇವೆಯ ಆಯ್ಕೆಗೆ ಅಭ್ಯರ್ಥಿಯಾಗಿದ್ದ ಅಧಿಕಾರಿಯೇ ಆಯ್ಕೆ ಮಂಡಳಿಯ ಸದಸ್ಯನೂ ಆಗಿದ್ದುದು ಅಲ್ಲಿನ ವಿವಾದ. ಸಹಜ ನ್ಯಾಯದ ನಿಯಮಗಳು ನ್ಯಾಯಾಲಯಗಳಿಗೆ ಮಾತ್ರವಲ್ಲದೆ ಆಡಳಿತದ ನಿರ್ಧಾರಗಳಿಗೂ ಅನ್ವಯಿಸುತ್ತವೆ ಎಂದು ಈ ತೀರ್ಪು ಸ್ಪಷ್ಟಪಡಿಸಿತು.

ಅದೇ ವರ್ಷದ ಚಂದ್ರಭವನ ಪ್ರಕರಣ ಅಷ್ಟಾಗಿ ಪ್ರಸಿದ್ಧವಲ್ಲ. ಆದರೆ ಹೆಗ್ಡೆಯವರನ್ನು ಅರ್ಥಮಾಡಿಕೊಳ್ಳಲು ಅದು ಹೆಚ್ಚು ಸಹಾಯಕ. ಮೈಸೂರು ಸರ್ಕಾರ ಹೋಟೆಲು ಕಾರ್ಮಿಕರಿಗೆ ಕನಿಷ್ಠ ವೇತನವನ್ನು ನಿಗದಿಪಡಿಸಿದ್ದನ್ನು ಬೆಂಗಳೂರಿನ ಹೋಟೆಲು ಮಾಲೀಕರು ಪ್ರಶ್ನಿಸಿದ್ದರು. ಹೋಟೆಲು ಉದ್ಯಮವೆಂದರೆ ಉಡುಪಿ ಸೀಮೆಯವರದೇ ಎನ್ನುವಷ್ಟರ ಮಟ್ಟಿಗೆ ಹೆಸರಾಗಿದ್ದ ಕಾಲವದು. ಹೆಗ್ಡೆಯವರು ಮಾಲೀಕರ ವಾದವನ್ನು ತಳ್ಳಿಹಾಕಿದರು. ವ್ಯಾಪಾರದ ಸ್ವಾತಂತ್ರ್ಯವೆಂದರೆ ದುಡಿಯುವವರನ್ನು ಶೋಷಿಸುವ ಸ್ವಾತಂತ್ರ್ಯವಲ್ಲವೆಂದೂ, ಮೂಲಭೂತ ಹಕ್ಕುಗಳು ಹಾಗೂ ರಾಜ್ಯ ನಿರ್ದೇಶಕ ತತ್ವಗಳು ಪರಸ್ಪರ ಪೂರಕವೆಂದೂ ಅವರು ಅಭಿಪ್ರಾಯಪಟ್ಟರು. ಸ್ವತಂತ್ರ ಪಕ್ಷದ ಆರ್ಥಿಕ ವಿಚಾರಗಳಿಂದ ಅವರು ಎಷ್ಟು ದೂರದಲ್ಲಿದ್ದರೆಂಬುದು ಇಲ್ಲಿ ತಿಳಿಯುತ್ತದೆ.

ಹೀಗಿದ್ದೂ ಸರ್ಕಾರದ ಎರಡು ಮಹತ್ವದ ಕ್ರಮಗಳ ವಿಷಯದಲ್ಲಿ ಅವರು ಆ ಪಕ್ಷದ ವಾದವೇ ಗೆಲ್ಲುವಂತಹ ತೀರ್ಪುಗಳ ಭಾಗವಾದರು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಎರಡು ದಕ್ಷಿಣ ಕನ್ನಡದಲ್ಲಿ ಹುಟ್ಟಿದವು: 1906ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಬ್ಯಾಂಕ್ ಮತ್ತು 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್. ಸ್ವತಂತ್ರ ಪಕ್ಷದ ಮುಖಂಡರೂ ಬ್ಯಾಂಕ್ ಷೇರುದಾರರೂ ಆಗಿದ್ದ ಆರ್. ಸಿ. ಕೂಪರ್ ಈ ಕ್ರಮವನ್ನು ಪ್ರಶ್ನಿಸಿದರು. 1970ರ ಫೆಬ್ರವರಿಯಲ್ಲಿ 11 ನ್ಯಾಯಮೂರ್ತಿಗಳ ಪೀಠದಲ್ಲಿ ಹೆಗ್ಡೆಯವರೂ ಸೇರಿದಂತೆ 10 ಮಂದಿ ರಾಷ್ಟ್ರೀಕರಣದ ಕಾಯಿದೆಯನ್ನು ಅಸಿಂಧುಗೊಳಿಸಿದರು. ಭಿನ್ನಮತ ವ್ಯಕ್ತಪಡಿಸಿದ ಒಬ್ಬರೆಂದರೆ ಎ. ಎನ್. ರೇ. ಡಿಸೆಂಬರಿನ ರಾಜಧನ ಪ್ರಕರಣದಲ್ಲಿ, ಮಾಜಿ ಅರಸರ ಮಾನ್ಯತೆಯನ್ನು ರಾಷ್ಟ್ರಪತಿಯ ಆದೇಶದ ಮೂಲಕ ರದ್ದುಪಡಿಸಿದ್ದು ಸಲ್ಲದೆಂಬ ಬಹುಮತದೊಡನೆ ಹೆಗ್ಡೆಯವರು ಪ್ರತ್ಯೇಕ ತೀರ್ಪು ಬರೆದು ಸಮ್ಮತಿಸಿದರು. ಸರ್ಕಾರದ ಬೆಂಬಲಿಗರು ಈ ತೀರ್ಪುಗಳನ್ನು ಸಿರಿವಂತರ ಪರವೆಂದು ಟೀಕಿಸಿದರು. ಕಾರ್ಯಾಂಗವು ಸಂವಿಧಾನದ ದಾರಿಯನ್ನು ಬಿಟ್ಟು ನಡೆಯಬಾರದೆಂಬುದೇ ಹೆಗ್ಡೆಯವರಿಗೆ ಮುಖ್ಯ ಪ್ರಶ್ನೆಯಾಗಿತ್ತೆಂದು ಅವರ ಇತರ ತೀರ್ಪುಗಳ ಬೆಳಕಿನಲ್ಲಿ ಹೇಳಬಹುದು.

1972ರ ಮಾರ್ಚಿನಲ್ಲಿ, ಇಂದಿರಾ ಗಾಂಧಿಯವರ ರಾಯಬರೇಲಿ ಚುನಾವಣೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ದಾವೆಯ ಮಧ್ಯಂತರ ಮೇಲ್ಮನವಿಯಲ್ಲಿ ಹೆಗ್ಡೆಯವರು ಅರ್ಜಿದಾರರ ಪರವಾಗಿ ತೀರ್ಪಿತ್ತರು. ಅಲಹಾಬಾದ್ ಉಚ್ಚ ನ್ಯಾಯಾಲಯ 1975ರ ಜೂನ್ 12ರಂದು ನೀಡಿದ ಪ್ರಸಿದ್ಧ ತೀರ್ಪಿಗೆ ದಾರಿ ತೆರೆದವುಗಳಲ್ಲಿ ಇದೂ ಒಂದು.

ಕೇಶವಾನಂದ ಭಾರತಿ ಪ್ರಕರಣ ಮತ್ತು ರಾಜೀನಾಮೆ

ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾದ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣಾ ಕಾಯಿದೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿ, ಸಂವಿಧಾನವನ್ನು ತಿದ್ದುಪಡಿ ಮಾಡುವ ಸಂಸತ್ತಿನ ಅಧಿಕಾರಕ್ಕೆ ಮಿತಿಯುಂಟೇ ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳ ಪೀಠ 68 ದಿನಗಳ ಕಾಲ ವಿಚಾರಣೆ ನಡೆಸಿತು. 1956ರವರೆಗೆ ಹೆಗ್ಡೆಯವರ ಕೌಡೂರು ಮತ್ತು ಅರ್ಜಿದಾರರ ಎಡನೀರು ಒಂದೇ ಜಿಲ್ಲೆಯಲ್ಲಿದ್ದವು.

ಹೆಗ್ಡೆಯವರು ನ್ಯಾಯಮೂರ್ತಿ ಎ. ಕೆ. ಮುಖರ್ಜಿಯವರೊಂದಿಗೆ ಜಂಟಿಯಾಗಿ ತೀರ್ಪು ಬರೆದರು. ಮೂಲಭೂತ ಹಕ್ಕುಗಳ ಅಧ್ಯಾಯವನ್ನೂ ಸಂಸತ್ತು ತಿದ್ದಬಹುದು ಎಂಬುದನ್ನು ಇಬ್ಬರೂ ಒಪ್ಪಿದರು. ಆದರೆ ಸಂವಿಧಾನದ ಮೂಲ ಲಕ್ಷಣಗಳನ್ನು ಅಳಿಸುವ ಅಧಿಕಾರ ಅದಕ್ಕಿಲ್ಲವೆಂದರು. ಆ ಲಕ್ಷಣಗಳೆಂದು ಅವರು ಗುರುತಿಸಿದ್ದು ದೇಶದ ಸಾರ್ವಭೌಮತೆ, ಪ್ರಜಾಸತ್ತೆ, ಐಕ್ಯ, ವ್ಯಕ್ತಿ ಸ್ವಾತಂತ್ರ್ಯದ ಸಾರ, ಹಾಗೂ ಕಲ್ಯಾಣ ರಾಜ್ಯ ಮತ್ತು ಸಮಾನತೆಯ ಸಮಾಜವನ್ನು ಕಟ್ಟುವ ಹೊಣೆ. ಆಸ್ತಿಯ ಹಕ್ಕಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನವಿರಲಿಲ್ಲ; ಸಮಾನತೆಯ ಹೊಣೆಗೆ ಇತ್ತು. ಇವರನ್ನು ಕೇವಲ ಬಲಪಂಥೀಯ ನ್ಯಾಯಾಧೀಶರೆಂದು ಕರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

1973ರ ಏಪ್ರಿಲ್ 24ರಂದು 7–6ರ ಬಹುಮತದ ತೀರ್ಪು ಪ್ರಕಟವಾಯಿತು. ಮರುದಿನ ಸರ್ಕಾರವು ಜೆ. ಎಂ. ಶೇಲತ್, ಹೆಗ್ಡೆ ಮತ್ತು ಎ. ಎನ್. ಗ್ರೋವರ್ ಅವರ ಜ್ಯೇಷ್ಠತೆಯನ್ನು ಮೀರಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ಬಹುಮತದ ಕಡೆಯಲ್ಲಿದ್ದವರು. ಮೂವರೂ ರಾಜೀನಾಮೆ ನೀಡಿದರು. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ಪರಿಗಣಿಸಬೇಕಾಗುತ್ತದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಈ ಕ್ರಮವನ್ನು ಸಮರ್ಥಿಸಿದರು. ರಾಯಬರೇಲಿ ದಾವೆಯ ತೀರ್ಪೂ ಇದಕ್ಕೆ ಕಾರಣವಾಗಿರಬಹುದೆಂದು ಹಲವರು ಭಾವಿಸಿದ್ದಾರೆ. ಅದೇ ವರ್ಷ ಹೆಗ್ಡೆಯವರು ನ್ಯಾಯಾಂಗದ ಬಿಕ್ಕಟ್ಟನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು.

ಲೋಕಸಭೆಯ ಅಧ್ಯಕ್ಷರಾಗಿ

ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ನಡೆದ ಚುನಾವಣೆಯಲ್ಲಿ ಹೆಗ್ಡೆಯವರು ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಉತ್ತರ ಭಾರತದಲ್ಲಿ ಜನತಾ ಅಲೆಯಿದ್ದರೂ ಕರ್ನಾಟಕದ 28 ಸ್ಥಾನಗಳಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಎರಡು ಮಾತ್ರ. ಹೆಗ್ಡೆಯವರ ಸ್ವಂತ ಸೀಮೆಯಾದ ಉಡುಪಿ ಕ್ಷೇತ್ರದಲ್ಲಿ ಗೆದ್ದವರು ಕಾಂಗ್ರೆಸ್ಸಿನ ಟಿ. ಎ. ಪೈ. ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದ ಪೈಯವರು ಇಂದಿರಾ ಗಾಂಧಿಯವರ ಸಂಪುಟದಲ್ಲಿ ಸಚಿವರಾಗಿದ್ದರು ಎಂಬುದೂ, ಆ ಬ್ಯಾಂಕಿನ ರಾಷ್ಟ್ರೀಕರಣವನ್ನು ಅಸಿಂಧುಗೊಳಿಸಿದ ಪೀಠದಲ್ಲಿದ್ದ ಹೆಗ್ಡೆಯವರು ಎದುರು ಪಾಳೆಯದಲ್ಲಿದ್ದರು ಎಂಬುದೂ ಕರಾವಳಿಯ ರಾಜಕಾರಣದ ಒಂದು ಸೋಜಿಗ.

ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿ ಹುದ್ದೆಗಾಗಿ ಸಭಾಧ್ಯಕ್ಷ ಸ್ಥಾನವನ್ನು ತೊರೆದಾಗ, 1977ರ ಜುಲೈ 21ರಂದು ಹೆಗ್ಡೆಯವರು ಆ ಸ್ಥಾನಕ್ಕೆ ಬಂದರು. 1980ರ ಜನವರಿಯವರೆಗೂ ಅಲ್ಲಿದ್ದರು. ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಗಾಂಧಿಯವರನ್ನು 1978ರ ಡಿಸೆಂಬರಿನಲ್ಲಿ ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಉಚ್ಚಾಟಿಸಿದ್ದು ಇವರ ಅಧ್ಯಕ್ಷತೆಯ ಅವಧಿಯಲ್ಲೇ. 44ನೆಯ ತಿದ್ದುಪಡಿ ಅಂಗೀಕಾರವಾದದ್ದೂ ಇದೇ ಅವಧಿಯಲ್ಲಿ. ತುರ್ತು ಪರಿಸ್ಥಿತಿಯ ಅಧಿಕಾರಗಳಿಗೆ ಕಡಿವಾಣ ಹಾಕಿದ ಈ ತಿದ್ದುಪಡಿ, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದುಹಾಕಿತು. ಸ್ವತಂತ್ರ ಪಕ್ಷ 1974ರಲ್ಲಿ ಭಾರತೀಯ ಲೋಕದಳದಲ್ಲಿ ಲೀನವಾಗಿ, ಆ ಮೂಲಕ ಜನತಾ ಪಕ್ಷದೊಳಗೆ ಸೇರಿತ್ತು. ತನ್ನ ಮುಖ್ಯ ಧ್ಯೇಯವಾಗಿದ್ದ ಹಕ್ಕು ತಾನು ಸೇರಿದ ಪಕ್ಷದ ಸರ್ಕಾರದಿಂದಲೇ ಅಳಿಯಿತು.

ಸಂಸ್ಥಾ ಕಾಂಗ್ರೆಸ್, ಲೋಕದಳ, ಜನಸಂಘ ಮತ್ತು ಸಮಾಜವಾದಿಗಳಿಂದ ಕೂಡಿದ್ದ ಆ ಪಕ್ಷ ಬಹುಕಾಲ ನಿಲ್ಲಲಿಲ್ಲ. ಜನಸಂಘದಿಂದ ಬಂದವರು ರಾಷ್ಟ್ರೀಯ ಸ್ವಯಂಸೇವಕ ಸಂಘದೊಡನೆ ನಂಟನ್ನು ಉಳಿಸಿಕೊಂಡಿದ್ದು ದ್ವಿಸದಸ್ಯತ್ವದ ವಿವಾದವಾಯಿತು. 1979ರ ಜುಲೈಯಲ್ಲಿ ಅವಿಶ್ವಾಸ ನಿರ್ಣಯವನ್ನು ಎದುರಿಸಬೇಕಾಗಿ ಬಂದ ಮೊರಾರ್ಜಿ ದೇಸಾಯಿ ರಾಜೀನಾಮೆ ನೀಡಿದರು. ಆಗಸ್ಟಿನಲ್ಲಿ ಸದನ ವಿಸರ್ಜನೆಯಾಯಿತು.

ಭಾರತೀಯ ಜನತಾ ಪಕ್ಷದಲ್ಲಿ

1980ರ ಏಪ್ರಿಲ್ 6ರಂದು ಜನಸಂಘದ ಹಿಂದಿನ ಮುಖಂಡರು ಭಾರತೀಯ ಜನತಾ ಪಕ್ಷವನ್ನು ಸ್ಥಾಪಿಸಿದಾಗ, ಸಂಘದ ಹಿನ್ನೆಲೆಯಿಲ್ಲದ ಕೆಲವರೂ ಅದನ್ನು ಸೇರಿದರು. ಹೆಗ್ಡೆ, ಶಾಂತಿ ಭೂಷಣ್, ರಾಮ್ ಜೇಠ್ಮಲಾನಿ ಇವರಲ್ಲಿ ಪ್ರಮುಖರು. ಮೂವರೂ ಕಾನೂನಿನ ಲೋಕದಿಂದ ಬಂದವರೆಂಬುದು ಗಮನಾರ್ಹ. ಹೆಗ್ಡೆಯವರು ಪಕ್ಷದ ಉಪಾಧ್ಯಕ್ಷರಾದರು. ಅಟಲ ಬಿಹಾರಿ ವಾಜಪೇಯಿಯವರ ನೇತೃತ್ವದಲ್ಲಿ ಪಕ್ಷ ಗಾಂಧಿವಾದಿ ಸಮಾಜವಾದವನ್ನು ತನ್ನ ಸಿದ್ಧಾಂತವಾಗಿ ಸ್ವೀಕರಿಸಿತು. ಗ್ವಾಲಿಯರಿನ ವಿಜಯರಾಜೇ ಸಿಂಧಿಯಾ ಇದಕ್ಕೆ ಬಹಿರಂಗವಾಗಿ ಆಕ್ಷೇಪವೆತ್ತಿದರು. ಇಂತಹ ಭಿನ್ನಮತ ಹೊಸದೇನೂ ಅಲ್ಲ. ಖಾಸಗಿ ಉದ್ಯಮದ ಪರವಾಗಿದ್ದ ಬಲರಾಜ್ ಮಧೋಕರನ್ನು ಜನಸಂಘ 1973ರಲ್ಲೇ ಉಚ್ಚಾಟಿಸಿತ್ತು. ಕಲ್ಯಾಣ ರಾಜ್ಯವನ್ನು ಸಂವಿಧಾನದ ಮೂಲ ಲಕ್ಷಣವೆಂದು ಬರೆದಿದ್ದ ಹೆಗ್ಡೆಯವರಿಗೆ ವಾಜಪೇಯಿಯವರ ಮಾರ್ಗ ಹತ್ತಿರವಾಗಿದ್ದುದು ಸಹಜ. ಪಕ್ಷ 1980ರ ದಶಕದ ಉತ್ತರಾರ್ಧದಲ್ಲಿ ಹಿಂದುತ್ವದ ಕಡೆಗೆ ಹೊರಳುವ ಹೊತ್ತಿಗೆ ಅವರು ಸಕ್ರಿಯ ರಾಜಕಾರಣದಿಂದ ದೂರವಾಗಿದ್ದರು.

ಶಿಕ್ಷಣ ಸೇವೆ ಮತ್ತು ನಿಧನ

1979ರಲ್ಲಿ, ಇನ್ನೂ ಸಭಾಧ್ಯಕ್ಷರಾಗಿದ್ದಾಗಲೇ, ಹೆಗ್ಡೆಯವರು ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ನಿಟ್ಟೆ ಎಜುಕೇಷನ್ ಟ್ರಸ್ಟನ್ನು ಸ್ಥಾಪಿಸಿದರು. ಪ್ರೌಢಶಾಲೆಯೊಂದರಿಂದ ಆರಂಭವಾದ ಈ ಕಾರ್ಯ 1986ರಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ವಿಸ್ತರಿಸಿತು. 1953ರಲ್ಲಿ ಮಣಿಪಾಲದಲ್ಲಿ ಟಿ. ಎಂ. ಎ. ಪೈಯವರು ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಂದಿನಿಂದ ಈ ಜಿಲ್ಲೆಯಲ್ಲಿ ಬೆಳೆದ ಖಾಸಗಿ ಶಿಕ್ಷಣದ ಪರಂಪರೆಗೆ ನಿಟ್ಟೆಯ ಸಂಸ್ಥೆಗಳೂ ಸೇರುತ್ತವೆ.

ಹೆಗ್ಡೆಯವರು 1990ರ ಮೇ 24ರಂದು ನಿಧನರಾದರು. ಇವರ ಪುತ್ರರಲ್ಲಿ ಎನ್. ಸಂತೋಷ್ ಹೆಗ್ಡೆ 1999ರಿಂದ 2005ರವರೆಗೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದು, ನಂತರ ಕರ್ನಾಟಕದ ಲೋಕಾಯುಕ್ತರಾದರು, ಎನ್. ವಿನಯ ಹೆಗ್ಡೆ ನಿಟ್ಟೆ ಸಂಸ್ಥೆಗಳ ನೇತೃತ್ವ ವಹಿಸಿದರು. ಮಂಗಳೂರಿನ ಸಮೀಪದ ದೇರಳಕಟ್ಟೆಯಲ್ಲಿ 1999ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೂ ಅದರ ಆಸ್ಪತ್ರೆಗೂ ಕೆ. ಎಸ್. ಹೆಗ್ಡೆಯವರ ಹೆಸರನ್ನು ಇಡಲಾಗಿದೆ.