ಮಿಜಾರು ಅಣ್ಣಪ್ಪ

ಮಿಜಾರು ಅಣ್ಣಪ್ಪ ತೆಂಕುತಿಟ್ಟು ಯಕ್ಷಗಾನದ ಪ್ರಸಿದ್ಧ ಹಾಸ್ಯಗಾರರಾಗಿದ್ದರು. ದಕ್ಷಿಣ ಕನ್ನಡ ಜಿಲ್ಲೆಯ ಮೂಡುಬಿದಿರೆ ಸಮೀಪದ ಮಿಜಾರು ಗ್ರಾಮದ ಹೆಸರು ಅವರ ಹೆಸರಿನೊಂದಿಗೆ ಸೇರಿಕೊಂಡಿತು. ತುಳು ಪ್ರಸಂಗಗಳ ಹಾಸ್ಯಪಾತ್ರಗಳಿಂದ ಅವರು ತುಳುನಾಡಿನಲ್ಲಿ ಮನೆಮಾತಾದರು.

ರಂಗಜೀವನ

ಅಣ್ಣಪ್ಪನವರು ಕಲ್ಲಾಡಿ ವಿಠಲ ಶೆಟ್ಟಿಯವರ ಸಂಚಾಲಕತ್ವದ ಕರ್ನಾಟಕ ಮೇಳದಲ್ಲಿ ಹಾಸ್ಯಗಾರರಾಗಿದ್ದರು. ದಾಮೋದರ ಮಂಡೆಚ್ಚರು ಈ ಮೇಳದ ಭಾಗವತರಾಗಿದ್ದರು. ಅಳಿಕೆ ರಾಮಯ್ಯ ರೈ, ರಾಮದಾಸ ಸಾಮಗ ಮೊದಲಾದವರು ಅಲ್ಲಿನ ಪ್ರಮುಖ ವೇಷಧಾರಿಗಳು. ಪ್ರೇಕ್ಷಕರು ಟಿಕೆಟು ಪಡೆದು ಡೇರೆಯೊಳಗೆ ಆಟ ನೋಡುತ್ತಿದ್ದ ಕಾಲವದು.

ಹಾಸ್ಯ ಮತ್ತು ಔಚಿತ್ಯ

ಯಕ್ಷಗಾನದಲ್ಲಿ ಪದ್ಯಗಳು ಲಿಖಿತವಾಗಿದ್ದರೂ ಮಾತುಗಾರಿಕೆ ಆಶುರೂಪದ್ದು. ದೂತನಾಗಿಯೋ ಸೇವಕನಾಗಿಯೋ ಬರುವ ಹಾಸ್ಯಗಾರನಿಗೆ ರಾಜನನ್ನೂ ಗೇಲಿ ಮಾಡುವ ಅವಕಾಶವಿದೆ. ಮಾತನ್ನು ಎಲ್ಲಿ ನಿಲ್ಲಿಸಬೇಕೆಂಬ ನಿರ್ಧಾರ ಅವನದೇ ಆಗಿರುತ್ತದೆ. ಡೇರೆ ಮೇಳಗಳು ಜನಪ್ರಿಯವಾದಂತೆ ದ್ವಂದ್ವಾರ್ಥದ ಸಂಭಾಷಣೆಯ ಬಗ್ಗೆ ಆಕ್ಷೇಪಗಳು ಕೇಳಿಬಂದವು; ತುಳು ಪ್ರಸಂಗಗಳೂ ಈ ಟೀಕೆಗೆ ಗುರಿಯಾದವು. ಆಡುಮಾತಿನ ಒರಟುತನ ಜನಪದ ರಂಗಭೂಮಿಗೆ ಸಹಜವೆಂಬುದು ಒಂದು ವಾದ. ಚೌಕಿಯ ಗಣಪತಿ ಪೂಜೆಯಿಂದ ಆರಂಭವಾಗಿ, ಮಕ್ಕಳೂ ಹಿರಿಯರೂ ಜೊತೆಯಲ್ಲಿ ಕುಳಿತು ಬೆಳಗಿನವರೆಗೆ ನೋಡುವ ಆಟದಲ್ಲಿ ಅಸಭ್ಯತೆ ಸಲ್ಲದೆಂಬುದು ಇನ್ನೊಂದು ವಾದ.

ಭಾರತೀಯ ಕಾವ್ಯಮೀಮಾಂಸೆಯು ಗ್ರಾಮ್ಯ ಮತ್ತು ಅಶ್ಲೀಲಗಳನ್ನು ಎರಡು ಪ್ರತ್ಯೇಕ ದೋಷಗಳೆಂದು ಎಣಿಸಿದೆ. ತುಳು ರಂಗದ ಚರ್ಚೆಯಲ್ಲಿ ಈ ಭೇದ ಹಲವು ಸಲ ಮರೆಯಾಗಿ, ಹಳ್ಳಿಯ ಮಾತೆಲ್ಲ ಕೀಳೆಂಬ ಭಾವನೆಗೆ ಎಡೆಯಾಯಿತು. ಅಣ್ಣಪ್ಪನವರ ಹಾಸ್ಯದ ಬಲವಿದ್ದದ್ದು ತುಳುವರ ದಿನಬಳಕೆಯ ನುಡಿಯಲ್ಲಿಯೇ. ಆ ನುಡಿಗೆ ಯಕ್ಷರಂಗದಲ್ಲಿ ಮನ್ನಣೆ ದೊರಕಿಸಿದ ಕಲಾವಿದರ ಸಾಲಿನಲ್ಲಿ ಅವರಿಗೆ ಮುಖ್ಯ ಸ್ಥಾನವಿದೆ.